ಐಆಕ್ಟಲ್‌ನಲ್ಲಿ ಹುಟ್ಟಿದ ಬಫರ್‌ನ ಕೊನೆಯ ರೆಫರೆನ್ಸನ್ನು ಬಿಡಬೇಕಾದವರು ಯಾರು?

ಪ್ರಶ್ನೆ — ಅಳತೆಗೋಲು

ಎಲ್ಲರಿಗೂ ನಮಸ್ಕಾರ. ಯುಎಸ್‌ಬಿ ಮೂಲಕ ಅಳತೆಯ ದತ್ತಾಂಶವನ್ನು ಕಳಿಸುವ ಒಂದು ಉಪಕರಣಕ್ಕೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಸಾಮಾನ್ಯ ಬಳಕೆಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ; ಒತ್ತಡದ ಪರೀಕ್ಷೆಗೆ ಹಚ್ಚಿದ ಕೂಡಲೇ ಸಂಪನ್ಮೂಲಗಳ ತೆರವಿನಲ್ಲಿ ನಾನು ಮಾಡಿರುವ ತಪ್ಪುಗಳು ಒಂದೊಂದಾಗಿ ಹೊರಬೀಳುತ್ತಿವೆ. ಮೂರು ದಿನಗಳಿಂದ ಒಂದೇ ಜಾಗದಲ್ಲಿ ಸುತ್ತುತ್ತಿದ್ದೇನೆ, ಆದ್ದರಿಂದ ವಿವರವಾಗಿ ಕೇಳುತ್ತೇನೆ.

ಡ್ರೈವರ್‌ನ ರಚನೆ ಹೀಗಿದೆ. ಉಪಕರಣ ಸಿಕ್ಕಾಗ ಕರ್ನಲ್ ಕರೆಯುವ ಪ್ರೋಬ್ ಫಂಕ್ಷನ್‌ನಲ್ಲಿ ಉಪಕರಣದ ಸ್ಥಿತಿಯನ್ನು ಇಟ್ಟುಕೊಳ್ಳುವ ಸ್ಟ್ರಕ್ಚರ್‌ಗೆ ಡೆವ್‌ಎಂ_ಕೆಝಲಾಕ್ ಮೂಲಕ ಮೆಮೊರಿ ಪಡೆಯುತ್ತೇನೆ. ಅದರೊಳಗೇ ಒಂದು ಸಿಡೆವ್ (ಕ್ಯಾರೆಕ್ಟರ್ ಡಿವೈಸನ್ನು ಪ್ರತಿನಿಧಿಸುವ ಕರ್ನಲ್ ಆಬ್ಜೆಕ್ಟ್) ಇದ್ದು, ಅದನ್ನು ಕ್ಯಾರೆಕ್ಟರ್ ಡಿವೈಸ್ ಆಗಿ ನೋಂದಾಯಿಸುತ್ತೇನೆ. ಬಳಕೆದಾರರ ಪ್ರೋಗ್ರಾಂ ಆ ಡಿವೈಸನ್ನು ಓಪನ್ ಮಾಡಿ, ಒಂದು ಐಆಕ್ಟಲ್ (ಡ್ರೈವರ್‌ಗೆ ವಿಶೇಷ ಆದೇಶ ಕೊಡುವ ಸಿಸ್ಟಂ ಕರೆ) ಮೂಲಕ ಬಫರ್ ಕೇಳುತ್ತದೆ. ಆಗ ನಾನು ಕೆಝಲಾಕ್‌ನಿಂದ ಬಫರ್ ಪಡೆದು, ಕೆರೆಫ್_ಇನಿಟ್ ಮಾಡಿ (ಅದನ್ನು ಹಿಡಿದಿರುವ ರೆಫರೆನ್ಸ್‌ಗಳ ಎಣಿಕೆಯನ್ನು ಶುರುಮಾಡಿ), ಅದನ್ನು ಐಡಿಆರ್‌ಗೆ (ಸಂಖ್ಯೆಯಿಂದ ಪಾಯಿಂಟರ್ ಹುಡುಕಿಕೊಡುವ ಕೋಷ್ಟಕಕ್ಕೆ) ಸೇರಿಸಿ, ಸಿಕ್ಕಿದ ಹ್ಯಾಂಡಲ್ ಸಂಖ್ಯೆಯನ್ನೂ ಬಫರ್‌ನ ಗಾತ್ರವನ್ನೂ ಕಾಪಿ_ಟು_ಯೂಸರ್ ಮೂಲಕ ಮರಳಿಸುತ್ತೇನೆ. ಎರಡನೆಯ ಐಆಕ್ಟಲ್ ಹ್ಯಾಂಡಲ್ ಸಂಖ್ಯೆಯನ್ನು ಪಡೆದು, ಬಫರನ್ನು ಐಡಿಆರ್‌ನಿಂದ ತೆಗೆದು, ಕೆರೆಫ್_ಪುಟ್ ಮಾಡುತ್ತದೆ, ಅಂದರೆ ಎಣಿಕೆಯನ್ನು ಒಂದು ಇಳಿಸಿ, ಸೊನ್ನೆಯಾದರೆ ಮೆಮೊರಿಯನ್ನು ಬಿಡುತ್ತದೆ. ಮೂರನೆಯದು ಬಫರನ್ನು ಬೇರೊಂದು ಪ್ರೊಸೆಸ್‌ಗೆ ದಾಟಿಸಲು ಅನುಕೂಲವಾಗುವಂತೆ ಅದಕ್ಕೊಂದು ಫೈಲ್ ಡಿಸ್ಕ್ರಿಪ್ಟರ್ ಮಾಡಿಕೊಡುತ್ತದೆ.

ಮೊದಲ ತೊಂದರೆ ಇದು: ಒಂದು ಥ್ರೆಡ್ ಬಫರ್‌ಗಳನ್ನು ಸತತವಾಗಿ ಸೃಷ್ಟಿಸುತ್ತಿರುವಾಗ ಇನ್ನೊಂದು ಥ್ರೆಡ್ 1ರಿಂದ 100ರವರೆಗಿನ ಹ್ಯಾಂಡಲ್‌ಗಳನ್ನು ಊಹಿಸಿ ಅಳಿಸುತ್ತಾ ಹೋದರೆ, ಸೃಷ್ಟಿಸುವ ಫಂಕ್ಷನ್‌ನ ಒಳಗೇ ಯೂಸ್-ಆಫ್ಟರ್-ಫ್ರೀ (ಬಿಟ್ಟ ಮೆಮೊರಿಯ ಬಳಕೆ) ಆಗಿದೆ ಎಂದು ಕರ್ನಲ್‌ನ ಮೆಮೊರಿ ದೋಷ ಪತ್ತೆ ಸಾಧನ ಕೆಸಾನ್ ವರದಿ ಮಾಡುತ್ತದೆ. ಅದು ತೋರಿಸುವ ಸಾಲು ಬಫರ್‌ನ ಗಾತ್ರವನ್ನು ಓದುವ ಸಾಲು, ಅಂದರೆ ಐಡಿಆರ್‌ಗೆ ಸೇರಿಸಿದ ನಂತರದ್ದು. ಇದನ್ನು ತಡೆಯಲು ಸೃಷ್ಟಿಯ ಸಮಯದಲ್ಲಿ ಒಂದು ಹೆಚ್ಚುವರಿ ಕೆರೆಫ್_ಗೆಟ್ ಸೇರಿಸಿದೆ. ಕೆಸಾನ್ ಸುಮ್ಮನಾಯಿತು, ಆದರೆ ಈಗ ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಪ್ರತಿಯೊಂದು ಬಫರೂ ಸೋರುತ್ತಿದೆ ಎನ್ನುತ್ತಿದೆ. ಎರಡನೆಯದಾಗಿ, ಪ್ರೋಗ್ರಾಂ ಡಿವೈಸನ್ನು ತೆರೆದಿಟ್ಟುಕೊಂಡಿರುವಾಗ ಕೇಬಲ್ ಕಿತ್ತು, ಆಮೇಲೆ ಪ್ರೋಗ್ರಾಂ ಮುಗಿಸಿದರೆ ಕರ್ನಲ್ ಕುಸಿಯುತ್ತದೆ. ಇವೆರಡಲ್ಲದೆ, ಪ್ರೋಬ್‌ನಲ್ಲಿ ಡಿವೈಸ್_ರಿಜಿಸ್ಟರ್ ವಿಫಲವಾದಾಗ ಕೆಫ್ರೀ ಮಾಡಬೇಕೇ ಬೇಡವೇ ಎಂಬುದೂ ನನಗೆ ಸ್ಪಷ್ಟವಾಗಿಲ್ಲ.

ಎಣಿಕೆಯನ್ನು ಒಂದು ಹೆಚ್ಚಿಸಿದರೆ ಸೋರಿಕೆ, ಒಂದು ಇಳಿಸಿದರೆ ಕುಸಿತ ಎಂಬ ಸ್ಥಿತಿಯಲ್ಲಿದ್ದೇನೆ. ಪರೀಕ್ಷೆ ಸುಮ್ಮನಾಗುವವರೆಗೆ ಸಂಖ್ಯೆಯನ್ನು ಹೊಂದಿಸುತ್ತಾ ಹೋಗುವುದು ಸರಿಯಾದ ದಾರಿಯಲ್ಲ ಎಂದು ನನಗೆ ಗೊತ್ತಿದೆ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ನೀವು ಹೇಗೆ ನಿರ್ಧರಿಸುತ್ತೀರಿ?

ಉತ್ತರ — ಹಿಡಿಬಿಡು

ನಿಮ್ಮ ಮೊದಲ ತೊಂದರೆಯನ್ನಷ್ಟೇ ತೆಗೆದುಕೊಳ್ಳುತ್ತೇನೆ. ಕೇಬಲ್ ಕೀಳುವ ವಿಚಾರ ಬೇರೆಯೇ ಬಗೆಯದು, ಅದನ್ನು ಬಲ್ಲವರು ಇಲ್ಲಿದ್ದಾರೆ.

ಎಣಿಕೆಯನ್ನು ಒಂದು ಸಂಖ್ಯೆ ಎಂದು ನೋಡುವುದನ್ನು ದಯವಿಟ್ಟು ಬಿಟ್ಟುಬಿಡಿ. ಎಣಿಕೆ 2 ಎಂದಿದ್ದರೆ, ಆ ಎರಡು ರೆಫರೆನ್ಸ್‌ಗಳು ಯಾವ ಎರಡು ಪಾಯಿಂಟರ್‌ಗಳಿಗೆ ಸೇರಿದವು ಎಂದು ಬೆರಳಿಟ್ಟು ತೋರಿಸಲು ನಿಮಗೆ ಸಾಧ್ಯವಾಗಬೇಕು. ಐಡಿಆರ್‌ನಲ್ಲಿ ಕುಳಿತಿರುವ ಪಾಯಿಂಟರ್ ಒಂದು ಒಡೆಯ; ಫಂಕ್ಷನ್‌ನ ಒಳಗಿನ ಲೋಕಲ್ ವೇರಿಯಬಲ್ ಇನ್ನೊಂದು; ಫೈಲ್‌ನ ಪ್ರೈವೇಟ್_ಡೇಟಾ ಮತ್ತೊಂದು. ನಾನು ಹೊಸ ಡ್ರೈವರನ್ನು ಪರಿಶೀಲಿಸುವಾಗ ಸ್ಟ್ರಕ್ಚರ್‌ನಲ್ಲಿರುವ ಪ್ರತಿ ಪಾಯಿಂಟರ್‌ನ ಪಕ್ಕದಲ್ಲಿ "ರೆಫರೆನ್ಸ್ ಹೊಂದಿದೆ" ಅಥವಾ "ಹೊಂದಿಲ್ಲ, ಇಂಥ ಲಾಕ್ ಇರುವಾಗ ಮಾತ್ರ ಬಳಸಬಹುದು" ಎಂದು ಕಾಮೆಂಟ್ ಬರೆಸುತ್ತೇನೆ. ಬರೆಯಲು ತಡವರಿಸುವ ಜಾಗದಲ್ಲೇ ಬಹುಮಟ್ಟಿಗೆ ದೋಷ ಸಿಗುತ್ತದೆ.

ಈಗ ನಿಮ್ಮ ಸೃಷ್ಟಿಯ ಫಂಕ್ಷನ್ ನೋಡೋಣ. ಕೆರೆಫ್_ಇನಿಟ್ ಎಣಿಕೆಯನ್ನು 1ಕ್ಕೆ ಇಡುತ್ತದೆ, ಮತ್ತು ಆ ಒಂದು ನಿಮ್ಮ ಲೋಕಲ್ ವೇರಿಯಬಲ್‌ಗೆ ಸೇರಿದ್ದು. ಐಡಿಆರ್_ಅಲಾಕ್ ಕರೆದ ಕ್ಷಣದಲ್ಲಿ ಅದೇ ಒಂದನ್ನು ನೀವು ಐಡಿಆರ್‌ಗೆ ಕೊಟ್ಟುಬಿಟ್ಟಿರಿ. ಮುಂದಿನ ಸಾಲಿನಿಂದ ಲೋಕಲ್ ವೇರಿಯಬಲ್‌ನ ಕೈಯಲ್ಲಿ ಏನೂ ಇಲ್ಲ. ಹ್ಯಾಂಡಲ್ ಸಂಖ್ಯೆ ಇನ್ನೂ ಬಳಕೆದಾರರಿಗೆ ತಲುಪಿಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಹ್ಯಾಂಡಲ್‌ಗಳು ಸಣ್ಣ ಸಂಖ್ಯೆಗಳಿಂದ ಕ್ರಮವಾಗಿ ಬರುವುದರಿಂದ ಊಹಿಸುವುದು ಅತಿ ಸುಲಭ. ನಿಮ್ಮ ಎರಡನೆಯ ಥ್ರೆಡ್ ಮಾಡಿದ್ದು ಅದನ್ನೇ: ಮೊದಲ ಥ್ರೆಡ್ 7 ಎಂಬ ಹ್ಯಾಂಡಲ್ ಪಡೆದು ಗಾತ್ರವನ್ನು ಓದುವ ಮೊದಲೇ, ಎರಡನೆಯದು 7ನ್ನು ಅಳಿಸಿತು, ಎಣಿಕೆ ಸೊನ್ನೆಯಾಯಿತು, ಮೆಮೊರಿ ಹೋಯಿತು. ಸೇರಿಸಿದ ಹೆಚ್ಚುವರಿ ಗೆಟ್ ತಪ್ಪಲ್ಲ. ಅದು ಲೋಕಲ್ ವೇರಿಯಬಲ್‌ಗಾಗಿ ತೆಗೆದುಕೊಂಡದ್ದು. ಆದರೆ ಫಂಕ್ಷನ್ ಮುಗಿಯುವಾಗ, ಯಶಸ್ಸಿನ ದಾರಿಯಲ್ಲೂ ಕೂಡ, ಲೋಕಲ್ ವೇರಿಯಬಲ್ ತನ್ನ ಪಾಲನ್ನು ಬಿಡಬೇಕಿತ್ತು. ನೀವು ವಿಫಲವಾದ ದಾರಿಯಲ್ಲಿ ಮಾತ್ರ ಬಿಟ್ಟಿರಬೇಕು, ಸೋರಿಕೆಗೆ ಅದೇ ಕಾರಣ.

ಆದರೂ ನಾನು ಆ ತಿದ್ದುಪಡಿಯನ್ನು ಒಪ್ಪುವುದಿಲ್ಲ, ಏಕೆಂದರೆ ಅದರ ಹಿಂದೆ ಇನ್ನೊಂದು ತೊಡಕು ಅಡಗಿದೆ. ಕಾಪಿ_ಟು_ಯೂಸರ್ ವಿಫಲವಾದರೆ ಏನು ಮಾಡುತ್ತೀರಿ? ಐಡಿಆರ್‌ನಿಂದ 7ನ್ನು ತೆಗೆಯುತ್ತೀರಿ. ಅಷ್ಟರಲ್ಲಿ ಬೇರೊಂದು ಥ್ರೆಡ್ 7ನ್ನು ಅಳಿಸಿ, ಮೂರನೆಯದೊಂದು ಅದೇ 7ನ್ನು ಹೊಸ ಬಫರ್‌ಗೆ ಪಡೆದಿದ್ದರೆ, ನೀವು ತೆಗೆದದ್ದು ಪರರ ಬಫರ್. ಪ್ರಕಟಿಸಿದ ಮೇಲೆ ಹಿಂತೆಗೆದುಕೊಳ್ಳುವುದು ಇಷ್ಟು ಕಷ್ಟವಾದ್ದರಿಂದ, ಪ್ರಕಟಣೆಯನ್ನು ಕಟ್ಟಕಡೆಗೆ ಇಡುವುದೇ ಸರಿ. ಐಡಿಆರ್_ಅಲಾಕ್‌ಗೆ ಪಾಯಿಂಟರ್‌ನ ಬದಲು ನಲ್ ಕೊಟ್ಟು ಸಂಖ್ಯೆಯನ್ನು ಮಾತ್ರ ಕಾದಿರಿಸಿ. ಹುಡುಕುವವರಿಗೆ ಅಲ್ಲಿ ನಲ್ ಸಿಗುತ್ತದೆ, ಅಂದರೆ ಅವರ ಪಾಲಿಗೆ ಆ ಹ್ಯಾಂಡಲ್ ಇನ್ನೂ ಇಲ್ಲ. ಅಳಿಸುವ ಐಆಕ್ಟಲ್ ಕೂಡ ಮೊದಲು ಹುಡುಕಿ, ನಲ್ ಅಲ್ಲದಿದ್ದರೆ ಮಾತ್ರ, ಅದೇ ಲಾಕ್‌ನ ಅಡಿಯಲ್ಲಿ ತೆಗೆಯಬೇಕು. ಇಲ್ಲದಿದ್ದರೆ ಕಾದಿರಿಸಿದ ಸಂಖ್ಯೆಯನ್ನೇ ಅದು ಬಿಡುಗಡೆ ಮಾಡಿಬಿಡುತ್ತದೆ. ನಂತರ ಸಂಖ್ಯೆಯನ್ನೂ ಗಾತ್ರವನ್ನೂ ಬಳಕೆದಾರರಿಗೆ ನಕಲಿಸಿ. ಅದು ವಿಫಲವಾದರೆ ಕಾದಿರಿಸಿದ ಸಂಖ್ಯೆಯನ್ನು ಬಿಟ್ಟು, ಬಫರನ್ನು ಪುಟ್ ಮಾಡಿ ಹೊರಡಿ. ಆ ಬಫರನ್ನು ನಿಮ್ಮ ಹೊರತು ಯಾರೂ ನೋಡಿಲ್ಲ. ಎಲ್ಲವೂ ಸರಿಯಾದ ಮೇಲೆ ಐಡಿಆರ್_ರಿಪ್ಲೇಸ್ ಮೂಲಕ ನಿಜವಾದ ಪಾಯಿಂಟರನ್ನು ಕೂರಿಸಿ, ಆ ಸಾಲಿನ ನಂತರ ಬಫರನ್ನು ಮುಟ್ಟಲೇಬೇಡಿ.

ಮೂರನೆಯ ಐಆಕ್ಟಲ್‌ಗೂ ಇದೇ ಮಾತು ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ. ನೀವು ಆನನ್_ಐನೋಡ್_ಗೆಟ್‌ಎಫ್‌ಡಿ ಬಳಸುತ್ತಿದ್ದರೆ, ಅದು ತನ್ನೊಳಗೇ ಎಫ್‌ಡಿ_ಇನ್‌ಸ್ಟಾಲ್ ಮಾಡಿಬಿಡುತ್ತದೆ. ಎಫ್‌ಡಿ_ಇನ್‌ಸ್ಟಾಲ್ ಫೈಲ್‌ನ ರೆಫರೆನ್ಸನ್ನು ಡಿಸ್ಕ್ರಿಪ್ಟರ್ ಕೋಷ್ಟಕಕ್ಕೆ ಒಪ್ಪಿಸುತ್ತದೆ. ಅದಾದ ಮೇಲೆ ಹಿಂದಿರುಗುವ ದಾರಿ ಇಲ್ಲ. 2022ರ ಜನವರಿಯಲ್ಲಿ ಬೆಳಕಿಗೆ ಬಂದ ಸಿವಿಇ-2022-22942 ಎಂಬ ಭದ್ರತಾ ದೋಷ ಇದಕ್ಕೆ ಕಣ್ಣೆದುರಿನ ಉದಾಹರಣೆ. ವಿಎಂಡಬ್ಲ್ಯುಜಿಎಫ್‌ಎಕ್ಸ್ ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಫೆನ್ಸ್‌ನ (ಗ್ರಾಫಿಕ್ಸ್ ಕೆಲಸ ಮುಗಿದದ್ದನ್ನು ತಿಳಿಸುವ ಆಬ್ಜೆಕ್ಟ್‌ನ) ಫೈಲನ್ನು ಮೊದಲು ಇನ್‌ಸ್ಟಾಲ್ ಮಾಡಿ, ಆಮೇಲೆ ವಿವರಗಳನ್ನು ಬಳಕೆದಾರರಿಗೆ ನಕಲಿಸುತ್ತಿದ್ದರು. ನಕಲು ವಿಫಲವಾದರೆ ಪುಟ್_ಅನ್‌ಯೂಸ್ಡ್_ಎಫ್‌ಡಿ ಮತ್ತು ಎಫ್‌ಪುಟ್ ಕರೆಯುತ್ತಿದ್ದರು. ಪುಟ್_ಅನ್‌ಯೂಸ್ಡ್_ಎಫ್‌ಡಿ ಸಂಖ್ಯೆಯನ್ನಷ್ಟೇ ಖಾಲಿ ಎಂದು ಗುರುತಿಸುತ್ತದೆ, ಕೋಷ್ಟಕದಲ್ಲಿ ಕುಳಿತ ಪಾಯಿಂಟರನ್ನು ಅಳಿಸುವುದಿಲ್ಲ. ಹೀಗಾಗಿ ಬಿಡುಗಡೆಯಾದ ಫೈಲ್‌ನತ್ತ ಬೊಟ್ಟು ಮಾಡುವ ಜೀವಂತ ಡಿಸ್ಕ್ರಿಪ್ಟರ್ ಒಂದು ಬಳಕೆದಾರರ ಕೈಯಲ್ಲಿ ಉಳಿಯುತ್ತಿತ್ತು. ಎಫ್‌ಡಿ_ಇನ್‌ಸ್ಟಾಲ್ ಅನ್ನು ನಕಲಿನ ನಂತರಕ್ಕೆ ಸರಿಸಿದ್ದೇ ಪರಿಹಾರವಾಯಿತು. ನೀವೂ ಗೆಟ್_ಅನ್‌ಯೂಸ್ಡ್_ಎಫ್‌ಡಿ_ಫ್ಲಾಗ್ಸ್‌ನಿಂದ ಸಂಖ್ಯೆ ಕಾದಿರಿಸಿ, ಆನನ್_ಐನೋಡ್_ಗೆಟ್‌ಫೈಲ್‌ನಿಂದ ಫೈಲ್ ಪಡೆದು, ನಕಲಿಸಿ, ಕೊನೆಗೆ ಇನ್‌ಸ್ಟಾಲ್ ಮಾಡಿ.

ಇನ್ನೊಂದು ಸಣ್ಣ ವಿಷಯ. ಹ್ಯಾಂಡಲ್ ಹುಡುಕುವ ಕಡೆಯಲ್ಲಿ ಐಡಿಆರ್_ಫೈಂಡ್ ಮತ್ತು ಕೆರೆಫ್_ಗೆಟ್ ಎರಡೂ ಒಂದೇ ಲಾಕ್‌ನ ಒಳಗೆ ನಡೆಯಲಿ. ಲಾಕ್ ಬಿಟ್ಟು ಗೆಟ್ ಮಾಡಿದರೆ ನಡುವಿನ ಬಿರುಕಿನಲ್ಲಿ ಬಫರ್ ಸಾಯಬಹುದು. ಲಾಕ್ ಬದಲು ಆರ್‌ಸಿಯು (ಓದುವವರು ಲಾಕ್ ಹಿಡಿಯಬೇಕಿಲ್ಲದ ವಿಧಾನ) ಬಳಸುವುದಾದರೆ ಕೆರೆಫ್_ಗೆಟ್_ಅನ್‌ಲೆಸ್_ಝೀರೊ ಬೇಕು, ಬಿಡುಗಡೆಗೆ ಕೆಫ್ರೀ_ಆರ್‌ಸಿಯು ಬೇಕು. ನಿಮ್ಮ ಡ್ರೈವರ್‌ಗೆ ಮ್ಯೂಟೆಕ್ಸ್ ಎಂಬ ಸಾದಾ ಲಾಕ್ ಸಾಕು ಎಂಬುದು ನನ್ನ ಅಭಿಪ್ರಾಯ.

ಉತ್ತರ — ತಂತಿಕಿತ್ತವ

ಕೇಬಲ್ ಕೀಳುವ ವಿಚಾರಕ್ಕೆ ಬರುತ್ತೇನೆ. ಇದೇ ಕುಸಿತವನ್ನು ನಾನೂ ಅನುಭವಿಸಿದ್ದೇನೆ, ಮತ್ತು ಕಾರಣ ಅರ್ಥವಾಗಲು ನಿಮಗಿಂತ ಹೆಚ್ಚು ದಿನ ತೆಗೆದುಕೊಂಡಿದ್ದೇನೆ, ಆದ್ದರಿಂದ ತುಸು ವಿಸ್ತಾರವಾಗಿ ಬರೆಯಲು ಅನುಮತಿ ಕೊಡಿ.

2007ರಲ್ಲಿ 2.6.21 ಆವೃತ್ತಿಯೊಂದಿಗೆ ಬಂದ, ಪಡೆದದ್ದನ್ನು ತಾವೇ ಬಿಡುವ ಡೆವ್‌ಎಂ ಸೌಲಭ್ಯಗಳು ಪ್ರೋಬ್ ಫಂಕ್ಷನ್‌ಗಳ ತೆರವಿನ ಹೊರೆಯನ್ನು ಬಹಳ ಇಳಿಸಿದವು. ಆದರೆ ಡೆವ್‌ಎಂ ಮೂಲಕ ಪಡೆದದ್ದರ ಆಯುಷ್ಯ ಡ್ರೈವರ್ ಮತ್ತು ಉಪಕರಣದ ನಡುವಿನ ಬಂಧ ಇರುವವರೆಗೆ ಮಾತ್ರ. ಕೇಬಲ್ ಕಿತ್ತಾಗ ಡಿಸ್ಕನೆಕ್ಟ್ ಫಂಕ್ಷನ್ ಓಡುತ್ತದೆ, ಅದು ಮುಗಿದ ಬೆನ್ನಿಗೆ ಡೆವ್‌ಎಂ ಮೆಮೊರಿಯೆಲ್ಲ ಬಿಡುಗಡೆಯಾಗುತ್ತದೆ. ತೆರೆದ ಫೈಲ್‌ನ ಆಯುಷ್ಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಫೈಲ್ ಸ್ಟ್ರಕ್ಚರ್‌ಗೆ ತನ್ನದೇ ಎಣಿಕೆ ಇದೆ. ಡುಪ್, ಫೋರ್ಕ್, ಎಂಮ್ಯಾಪ್, ಯುನಿಕ್ಸ್ ಸಾಕೆಟ್ ಮೂಲಕ ಕಳಿಸುವುದು, ಇವೆಲ್ಲ ಅದನ್ನು ಏರಿಸುತ್ತವೆ. ಕೊನೆಯ ರೆಫರೆನ್ಸ್ ಹೋದಾಗಲೇ ನಿಮ್ಮ ರಿಲೀಸ್ ಕರೆಯಾಗುತ್ತದೆ, ಪ್ರತಿ ಕ್ಲೋಸ್‌ಗೂ ಅಲ್ಲ. ನಿಮ್ಮ ಪ್ರೋಗ್ರಾಂ ಮುಗಿದಾಗ ರಿಲೀಸ್ ಓಡಿತು, ಪ್ರೈವೇಟ್_ಡೇಟಾ ಮೂಲಕ ಎಂದೋ ಹೋದ ಮೆಮೊರಿಯನ್ನು ಮುಟ್ಟಿತು.

ಹಾಗಾದರೆ ಡೆವ್‌ಎಂ ಬಿಟ್ಟು ಸಾದಾ ಕೆಝಲಾಕ್ ಬಳಸಿ, ಸ್ಟ್ರಕ್ಚರ್‌ಗೊಂದು ಕೆರೆಫ್ ಕೊಟ್ಟು, ಪ್ರೋಬ್ ಒಂದು ಹಿಡಿತ, ಪ್ರತಿ ಓಪನ್ ಒಂದು ಹಿಡಿತ ಇಟ್ಟುಕೊಂಡರೆ ಮುಗಿಯಿತೇ ಎಂದು ಕೇಳಬಹುದು. ಮುಗಿಯುವುದಿಲ್ಲ. ಎಣಿಕೆ ಮೆಮೊರಿಯನ್ನು ಉಳಿಸುತ್ತದೆ, ಉಪಕರಣವನ್ನಲ್ಲ. ಕಿತ್ತುಹೋದ ಉಪಕರಣಕ್ಕೆ ಯುಆರ್‌ಬಿ (ಯುಎಸ್‌ಬಿ ಕೋರಿಕೆ) ಕಳಿಸಲು ಹೊರಟ ಐಆಕ್ಟಲನ್ನು ಯಾವ ಎಣಿಕೆಯೂ ತಡೆಯದು. ಆದ್ದರಿಂದ ಎರಡು ಆಯುಷ್ಯಗಳನ್ನು ಬೇರೆಬೇರೆಯಾಗಿ ನೋಡಿಕೊಳ್ಳಬೇಕು: ಮೆಮೊರಿಗೆ ಎಣಿಕೆ, ಹಾರ್ಡ್‌ವೇರ್‌ಗೆ ಒಂದು ಗುರುತು ಮತ್ತು ಅದನ್ನು ಕಾಯುವ ಲಾಕ್. ಡಿಸ್ಕನೆಕ್ಟ್‌ನಲ್ಲಿ ಮ್ಯೂಟೆಕ್ಸ್ ಹಿಡಿದು "ಉಪಕರಣ ಹೋಗಿದೆ" ಎಂದು ಗುರುತು ಹಾಕಿ, ಬಿಟ್ಟು, ಹಾದಿಯಲ್ಲಿರುವ ಯುಆರ್‌ಬಿಗಳನ್ನು ಯುಎಸ್‌ಬಿ_ಕಿಲ್_ಯುಆರ್‌ಬಿ ಮೂಲಕ ನಿಲ್ಲಿಸಿ, ಕಾಯುತ್ತಾ ಮಲಗಿರುವ ಓದುಗರನ್ನು ಎಬ್ಬಿಸಿ, ಕೊನೆಗೆ ಪ್ರೋಬ್‌ನ ಪಾಲಿನ ರೆಫರೆನ್ಸನ್ನು ಬಿಡಬೇಕು. ಪ್ರತಿ ಐಆಕ್ಟಲ್ ಅದೇ ಮ್ಯೂಟೆಕ್ಸ್ ಹಿಡಿದು ಗುರುತನ್ನು ನೋಡಿ, ಉಪಕರಣ ಹೋಗಿದ್ದರೆ ಇಎನ್‌ಓಡೆವ್ (ಉಪಕರಣ ಇಲ್ಲ ಎಂಬ ದೋಷ) ಮರಳಿಸಬೇಕು. ಕರ್ನಲ್ ಮೂಲದಲ್ಲಿರುವ ಯುಎಸ್‌ಬಿ-ಸ್ಕೆಲಿಟನ್ ಎಂಬ ಮಾದರಿ ಡ್ರೈವರ್ ಮಾಡುವುದೂ ಇದನ್ನೇ; ಅದರಲ್ಲಿ ಕೆರೆಫ್ ಒಂದು, ಐಓ ಮ್ಯೂಟೆಕ್ಸ್ ಒಂದು, ಡಿಸ್ಕನೆಕ್ಟೆಡ್ ಎಂಬ ಒಂದು ಬಿಟ್ ಇದೆ. ಇನ್ನೊಮ್ಮೆ ಅದನ್ನು ನಿಧಾನವಾಗಿ ಓದಿ.

ಈಗ ನನ್ನನ್ನು ಬಹಳ ಕಾಡಿದ ಸಂಗತಿ. ನಿಮ್ಮ ಸಿಡೆವ್ ಸ್ಥಿತಿಯ ಸ್ಟ್ರಕ್ಚರ್‌ನ ಒಳಗೇ ಇದೆ ಎಂದಿದ್ದೀರಿ. ಮೇಲೆ ಹೇಳಿದಂತೆ ಎಲ್ಲವನ್ನೂ ಬದಲಾಯಿಸಿದ ಮೇಲೂ ಒಂದು ಕುಸಿತ ಉಳಿಯುತ್ತದೆ. ಫೈಲ್‌ನ ಕೊನೆಯ ರೆಫರೆನ್ಸ್ ಹೋದಾಗ ಕರ್ನಲ್ ಮೊದಲು ನಿಮ್ಮ ರಿಲೀಸ್ ಫಂಕ್ಷನನ್ನು ಕರೆಯುತ್ತದೆ, ಅದು ಮರಳಿದ ನಂತರ ಸಿಡೆವ್_ಪುಟ್ ಕರೆಯುತ್ತದೆ. ನಿಮ್ಮ ರಿಲೀಸ್‌ನಲ್ಲಿ ಕೊನೆಯ ಕೆರೆಫ್_ಪುಟ್ ಆಗಿ ಸ್ಟ್ರಕ್ಚರ್ ಬಿಡುಗಡೆಯಾಗಿದ್ದರೆ, ಅದರೊಳಗಿದ್ದ ಸಿಡೆವ್ ಕೂಡ ಹೋಗಿದೆ. ಸಿಡೆವ್_ಪುಟ್ ಸತ್ತ ಮೆಮೊರಿಯನ್ನು ಮುಟ್ಟುತ್ತದೆ. ಸಿಡೆವ್‌ಗೆ ತನ್ನದೇ ಕೆಆಬ್ಜೆಕ್ಟ್ (ಎಣಿಕೆಯುಳ್ಳ ಕರ್ನಲ್‌ನ ಮೂಲ ಆಬ್ಜೆಕ್ಟ್) ಇದೆ, ತನ್ನದೇ ಎಣಿಕೆ ಇದೆ. ಒಂದೇ ಮೆಮೊರಿಯಲ್ಲಿ ಒಂದನ್ನೊಂದು ಅರಿಯದ ಎರಡು ಎಣಿಕೆಗಳನ್ನು ನೀವು ಇಟ್ಟಿದ್ದೀರಿ. ಇದಕ್ಕಾಗಿಯೇ 4.12ರಲ್ಲಿ ಸಿಡೆವ್_ಡಿವೈಸ್_ಆಡ್ ಬಂತು. ಕೆರೆಫ್ ಬದಲು ಸ್ಟ್ರಕ್ಚರ್‌ನ ಒಳಗೆ ಒಂದು ಸ್ಟ್ರಕ್ಟ್ ಡಿವೈಸ್ ಇಡಿ, ಮೆಮೊರಿಯನ್ನು ಅದರ ರಿಲೀಸ್ ಕಾಲ್‌ಬ್ಯಾಕ್‌ನಲ್ಲಿ ಮಾತ್ರ ಬಿಡಿ, ಮತ್ತು ಸಿಡೆವ್_ಡಿವೈಸ್_ಆಡ್ ಮೂಲಕ ನೋಂದಾಯಿಸಿ. ಆಗ ಸಿಡೆವ್ ಜೀವಂತ ಇರುವವರೆಗೆ ತನ್ನ ತಾಯಿಯಾದ ಡಿವೈಸನ್ನು ಹಿಡಿದಿರುತ್ತದೆ. ಓಪನ್‌ನಲ್ಲಿ ಗೆಟ್_ಡಿವೈಸ್, ರಿಲೀಸ್‌ನಲ್ಲಿ ಪುಟ್_ಡಿವೈಸ್ ಎಂದಾಗುತ್ತದೆ, ಕೆರೆಫ್ ಬೇಕಾಗುವುದಿಲ್ಲ.

ಫೈಲ್ ಆಪರೇಷನ್ಸ್‌ನಲ್ಲಿ ಓನರ್ ತುಂಬಿದ್ದೇನಲ್ಲ ಎಂಬ ಮಾತು ಇಲ್ಲಿ ಹಲವು ಬಾರಿ ಕೇಳಿಬರುತ್ತದೆ. ಅದು ಫೈಲ್ ತೆರೆದಿರುವಾಗ ಮಾಡ್ಯೂಲನ್ನು ಇಳಿಸದಂತೆ ತಡೆಯುತ್ತದೆ, ಕೋಡ್ ಮಾಯವಾಗುವುದಿಲ್ಲ. ಕೇಬಲ್ ಕೀಳುವುದನ್ನಾಗಲಿ ಸಿಸ್‌ಎಫ್‌ಎಸ್ ಫೈಲ್‌ಗಳ ಮೂಲಕ ಡ್ರೈವರನ್ನು ಉಪಕರಣದಿಂದ ಬಿಡಿಸುವುದನ್ನಾಗಲಿ (ಅನ್‌ಬೈಂಡ್) ಅದು ತಡೆಯುವುದಿಲ್ಲ.

ಉತ್ತರ — ಒಪ್ಪಂದಪತ್ರ

ಮೂರನೆಯ ಪ್ರಶ್ನೆಗೆ ಉತ್ತರ: ಡಿವೈಸ್_ರಿಜಿಸ್ಟರ್ ವಿಫಲವಾದರೂ ಕೆಫ್ರೀ ಮಾಡಬೇಡಿ, ಪುಟ್_ಡಿವೈಸ್ ಮಾಡಿ. ಅದರೊಳಗಿನ ಡಿವೈಸ್_ಇನಿಷಿಯಲೈಸ್ ಓಡಿದ ಕ್ಷಣದಿಂದ ಆ ಆಬ್ಜೆಕ್ಟ್ ಎಣಿಕೆಗೆ ಸೇರಿದ್ದು. ನೇರವಾಗಿ ಕೆಫ್ರೀ ಮಾಡಿದರೆ ಡೆವ್_ಸೆಟ್_ನೇಮ್ ಪಡೆದ ಹೆಸರಿನ ಮೆಮೊರಿ ಸೋರುತ್ತದೆ, ಮತ್ತು ಬೇರೆ ಯಾರಾದರೂ ರೆಫರೆನ್ಸ್ ಹಿಡಿದಿದ್ದರೆ ಅವರ ಕಾಲಡಿಯ ನೆಲ ಕುಸಿಯುತ್ತದೆ.

ಇದರ ಹಿಂದಿರುವ ವಿಷಯ ದೊಡ್ಡದು. ಒಂದು ಇಂಟರ್‌ಫೇಸನ್ನು ಬಳಸುವಾಗ ಅದು ಯಶಸ್ವಿಯಾದರೆ ಏನಾಗುತ್ತದೆ ಎಂಬುದನ್ನು ನಾವೆಲ್ಲ ಓದುತ್ತೇವೆ. ವಿಫಲವಾದಾಗ ನಾನು ಕೊಟ್ಟ ರೆಫರೆನ್ಸ್ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಓದುವವರು ಕಡಿಮೆ, ಬರೆದಿಡುವವರು ಇನ್ನೂ ಕಡಿಮೆ. ಲಿನಕ್ಸ್‌ನ ಒಳಗೇ ಇದು ಒಂದೇ ತೆರನಾಗಿಲ್ಲ. ಸಾಕ್_ಅಲಾಕ್_ಫೈಲ್ ವಿಫಲವಾದರೆ ನೀವು ಕೊಟ್ಟ ಸಾಕೆಟನ್ನು ಅದೇ ಬಿಡುಗಡೆ ಮಾಡುತ್ತದೆ. ನೀವು ಇನ್ನೊಮ್ಮೆ ಬಿಟ್ಟರೆ ಎರಡು ಬಾರಿ ಬಿಟ್ಟಂತೆ. ಪಿಎಂ_ರನ್‌ಟೈಮ್_ಗೆಟ್_ಸಿಂಕ್ ವಿಫಲ ಎಂದು ಋಣ ಸಂಖ್ಯೆ ಮರಳಿಸಿದಾಗಲೂ ಬಳಕೆಯ ಎಣಿಕೆಯನ್ನು ಏರಿಸಿಯೇ ಇರುತ್ತದೆ. ಸಿಗಲಿಲ್ಲ ಎಂದ ಮೇಲೆ ಬಿಡುವುದೇನು ಎಂದುಕೊಂಡು ಸುಮ್ಮನೆ ಹಿಂದಿರುಗಿದ ಡ್ರೈವರ್‌ಗಳು ಅಸಂಖ್ಯ, ಅವುಗಳಲ್ಲಿ ಉಪಕರಣ ಮತ್ತೆ ನಿದ್ರೆಗೆ ಹೋಗುತ್ತಲೇ ಇರಲಿಲ್ಲ. 5.10ರಲ್ಲಿ ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ ಸೇರಿಸಿದ್ದು ಇದನ್ನು ಸರಿಪಡಿಸಲೆಂದೇ: ವಿಫಲವಾದರೆ ಅದು ತಾನೇ ಎಣಿಕೆಯನ್ನು ಇಳಿಸುತ್ತದೆ. ಹಳೆಯ ಫಂಕ್ಷನ್‌ನ ನಡವಳಿಕೆ ದಾಖಲೆಯಲ್ಲಿ ಇರಲಿಲ್ಲವೆಂದಲ್ಲ. ಅದು ಮನುಷ್ಯರು ಸಹಜವಾಗಿ ನಿರೀಕ್ಷಿಸುವುದಕ್ಕೆ ವಿರುದ್ಧವಾಗಿತ್ತು, ಅಷ್ಟೇ ಸಾಕಾಯಿತು.

ಮ್ಯಾಕ್‌ಓಎಸ್‌ನ ಕರ್ನಲ್‌ನಲ್ಲಿರುವ ಮ್ಯಾಕ್ (Mach) ಸಂದೇಶಗಳಲ್ಲಿ ಈ ಒಪ್ಪಂದವನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಎಂಐಜಿ (ಆ ಸಂದೇಶಗಳ ಕೋಡ್ ತಯಾರಿಸುವ ಸಾಧನ) ಮೂಲಕ ಬಂದ ಕರೆಗೆ ಸರ್ವರ್ ಫಂಕ್ಷನ್ ಯಶಸ್ಸು ಮರಳಿಸಿದರೆ ಬಂದ ಸಂಪನ್ಮೂಲಗಳೆಲ್ಲ ಅದರ ವಶ, ದೋಷ ಮರಳಿಸಿದರೆ ಅದು ಏನನ್ನೂ ವಶಪಡಿಸಿಕೊಂಡಿಲ್ಲ ಎಂದು ತಿಳಿದು ಎಂಐಜಿಯೇ ಎಲ್ಲವನ್ನೂ ಬಿಡುತ್ತದೆ. ನಿಯಮ ಅಷ್ಟು ಸ್ಪಷ್ಟವಾಗಿದ್ದರೂ, ಒಂದು ರೆಫರೆನ್ಸನ್ನು ಬಿಟ್ಟು ಆಮೇಲೆ ದೋಷ ಮರಳಿಸಿದ ಫಂಕ್ಷನ್‌ಗಳಿಂದ ಗಂಭೀರ ಭದ್ರತಾ ದೋಷಗಳು ಹುಟ್ಟಿವೆ. ನಿಮ್ಮ ಡ್ರೈವರ್‌ನ ಒಳಗಿನ ಸಹಾಯಕ ಫಂಕ್ಷನ್‌ಗಳಿಗೆ ನೀವೇ ಒಂದು ನಿಯಮ ಆರಿಸಿಕೊಳ್ಳಿ. ವಿಫಲವಾದರೆ ಏನನ್ನೂ ವಶಪಡಿಸಿಕೊಳ್ಳದಿರುವುದೇ ನನಗೆ ಹಿಡಿಸಿದ ನಿಯಮ, ಏಕೆಂದರೆ ಆಗ ಕರೆದವರು ತಮ್ಮ ಫಂಕ್ಷನನ್ನು ಮಾತ್ರ ಓದಿ ತೆರವು ಸರಿಯಿದೆಯೇ ಎಂದು ಹೇಳಬಲ್ಲರು.

ಇನ್ನು ತೆರವಿನ ಬರವಣಿಗೆ. ಗೋಟು ಬಳಸಿ, ಪಡೆದ ಕ್ರಮದ ತಿರುವುಮುರುವಿನಲ್ಲಿ ಬಿಡುತ್ತಾ ಬರುವ ಹಳೆಯ ಪದ್ಧತಿಯಲ್ಲಿ ತಪ್ಪೇನೂ ಇಲ್ಲ. 6.5ರಿಂದ ಕ್ಲೀನಪ್ ಹೆಡರ್‌ನಲ್ಲಿ ಗಾರ್ಡ್ ಮತ್ತು ಫ್ರೀ ಗುರುತುಗಳು ಬಂದಿವೆ. ವೇರಿಯಬಲ್ ವ್ಯಾಪ್ತಿಯಿಂದ ಹೊರಬಿದ್ದ ಕೂಡಲೇ ಕಂಪೈಲರ್ ತಾನೇ ಬಿಡಿಸುತ್ತದೆ. ಡಿವೈಸ್ ಟ್ರೀಯ ಮಕ್ಕಳನ್ನು ಒಂದೊಂದಾಗಿ ನೋಡುವ ಲೂಪ್‌ನಿಂದ ನಡುವೆ ಬ್ರೇಕ್ ಮಾಡಿ ಓಎಫ್_ನೋಡ್_ಪುಟ್ ಮರೆಯುವಂಥ ತಪ್ಪುಗಳಿಗೆ ಇದು ನಿಜಕ್ಕೂ ಒಳ್ಳೆಯ ಮದ್ದು. ಆದರೆ ಒಂದೇ ಫಂಕ್ಷನ್‌ನಲ್ಲಿ ಗೋಟು ಮತ್ತು ಇವುಗಳನ್ನು ಬೆರೆಸಬೇಡಿ ಎಂದು ಆ ಹೆಡರ್‌ನ ದಾಖಲೆಯೇ ಹೇಳುತ್ತದೆ. ವೇರಿಯಬಲನ್ನು ಫಂಕ್ಷನ್‌ನ ತಲೆಯಲ್ಲಿ ನಲ್ ಎಂದು ಘೋಷಿಸಿ ಕೆಳಗೆ ತುಂಬುವುದನ್ನೂ ಅದು ಬೇಡ ಎನ್ನುತ್ತದೆ, ಏಕೆಂದರೆ ಬಿಡುವ ಕ್ರಮ ಘೋಷಿಸಿದ ಕ್ರಮದ ತಿರುವುಮುರುವು; ಲಾಕ್ ಹಿಡಿಯುವ ಮೊದಲೇ ಘೋಷಿಸಿದ ಆಬ್ಜೆಕ್ಟ್, ಲಾಕ್ ಬಿಟ್ಟ ಮೇಲೆ ಬಿಡುಗಡೆಯಾಗುತ್ತದೆ.

ಪ್ರಶ್ನೆ ಕೇಳಿದವರು — ಅಳತೆಗೋಲು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರತಿ ಪಾಯಿಂಟರ್‌ಗೂ ಒಡೆತನದ ಕಾಮೆಂಟ್ ಬರೆಯುತ್ತಾ ಹೋದೆ; ಎರಡು ಕಡೆ ನಿಜವಾಗಿಯೂ ಕೈ ತಡೆಯಿತು, ಎರಡೂ ಕಡೆ ದೋಷವಿತ್ತು. ಐಡಿಆರ್ ಮತ್ತು ಎಫ್‌ಡಿ ಎರಡನ್ನೂ ಕಾದಿರಿಸಿ ಕೊನೆಗೆ ಪ್ರಕಟಿಸುವಂತೆ ಬದಲಾಯಿಸಿದ್ದೇನೆ, ಸಿಡೆವ್_ಡಿವೈಸ್_ಆಡ್ ಬಳಸಿದ್ದೇನೆ. ಕೇಬಲ್ ಕಿತ್ತರೆ ಈಗ ಏನೂ ಕುಸಿಯುವುದಿಲ್ಲ.

ಆದರೆ ಎರಡು ಸಂಗತಿ ಉಳಿದಿವೆ. ಎಂಮ್ಯಾಪ್ ಮಾಡಿದ ಪ್ರೊಸೆಸ್ ಫೋರ್ಕ್ ಆದಾಗ "ರೆಫ್‌ಕೌಂಟ್ ಅಂಡರ್‌ಫ್ಲೋ" ಎಂಬ ಎಚ್ಚರಿಕೆ ಬರುತ್ತದೆ. ಜೊತೆಗೆ, ಫೈಲ್ ಡಿಸ್ಕ್ರಿಪ್ಟರ್ ಮಾಡಿಕೊಟ್ಟ ಬಫರ್‌ಗಳ ಮೆಮೊರಿ ಎಂದಿಗೂ ಮರಳುತ್ತಿಲ್ಲ, ಕೆಮೆಮ್‌ಲೀಕ್ ಕೂಡ ಏನನ್ನೂ ಹೇಳುತ್ತಿಲ್ಲ. ಒಂದೇ ಬಫರ್‌ಗೆ ಎರಡನೆಯ ಸಲ ಕೇಳಿದರೆ ಅದೇ ಫೈಲನ್ನು ಕೊಡಲೆಂದು ಬಫರ್‌ನ ಒಳಗೆ ಫೈಲ್‌ನ ಪಾಯಿಂಟರನ್ನು, ಗೆಟ್_ಫೈಲ್ ಮಾಡಿ, ಇಟ್ಟುಕೊಂಡಿದ್ದೇನೆ. ಎಲ್ಲ ಬಫರ್‌ಗಳನ್ನೂ ಉಪಕರಣದ ಸ್ಟ್ರಕ್ಚರ್‌ನಲ್ಲಿ ಒಂದು ಪಟ್ಟಿಗೂ ಸೇರಿಸುತ್ತೇನೆ, ಅಂಕಿಅಂಶ ತೋರಿಸಲು.

ಉತ್ತರ — ಹಿಡಿಬಿಡು

ಮೊದಲನೆಯದು ಸರಳ. ನಿಮ್ಮ ಎಂಮ್ಯಾಪ್ ಫಂಕ್ಷನ್ ಓಡುವಾಗ ವಿಎಂಎಯ (ಪ್ರೊಸೆಸ್‌ಗೆ ಜೋಡಿಸಿದ ಮೆಮೊರಿ ಪ್ರದೇಶದ ದಾಖಲೆಯ) ಓಪನ್ ಕರೆಯಾಗುವುದಿಲ್ಲ. ಆ ಮೊದಲ ರೆಫರೆನ್ಸನ್ನು ಎಂಮ್ಯಾಪ್‌ನಲ್ಲೇ ಹಿಡಿಯಬೇಕು. ಫೋರ್ಕ್ ಆದಾಗ ಅಥವಾ ವಿಎಂಎ ಎರಡಾಗಿ ಒಡೆದಾಗ ಓಪನ್ ಕರೆಯಾಗುತ್ತದೆ, ಪ್ರತಿಯೊಂದು ವಿಎಂಎ ಹೋದಾಗಲೂ ಕ್ಲೋಸ್ ಕರೆಯಾಗುತ್ತದೆ. ನೀವು ಕ್ಲೋಸ್ ಬರೆದು ಓಪನ್ ಬರೆದಿಲ್ಲವೆಂದು ತೋರುತ್ತದೆ, ಹಾಗಾಗಿ ಹಿಡಿದದ್ದು ಒಂದು, ಬಿಟ್ಟದ್ದು ಎರಡು.

ಎರಡನೆಯದು ಚಕ್ರ. ಫೈಲ್‌ನ ಪ್ರೈವೇಟ್_ಡೇಟಾ ಬಫರನ್ನು ಹಿಡಿದಿದೆ, ಬಫರ್ ಫೈಲನ್ನು ಹಿಡಿದಿದೆ. ಹೊರಗಿನವರೆಲ್ಲ ಬಿಟ್ಟರೂ ಇವೆರಡೂ ಒಂದನ್ನೊಂದು ಹಿಡಿದುಕೊಂಡೇ ಇರುತ್ತವೆ, ಎರಡರ ಎಣಿಕೆಯೂ 1ಕ್ಕಿಂತ ಕೆಳಗಿಳಿಯುವುದಿಲ್ಲ. ಕೆಮೆಮ್‌ಲೀಕ್ ಹುಡುಕುವುದು ಯಾವ ಪಾಯಿಂಟರೂ ತಲುಪದ ಮೆಮೊರಿಯನ್ನು. ನಿಮ್ಮ ಅಂಕಿಅಂಶದ ಪಟ್ಟಿಯಿಂದ ಪ್ರತಿ ಬಫರನ್ನೂ ತಲುಪಬಹುದಾದ್ದರಿಂದ ಅದರ ದೃಷ್ಟಿಯಲ್ಲಿ ಏನೂ ಸೋರಿಲ್ಲ. ಎಣಿಕೆಯ ಪದ್ಧತಿಗೆ ಚಕ್ರವನ್ನು ಕಾಣುವ ಶಕ್ತಿಯೇ ಇಲ್ಲ. ಯುನಿಕ್ಸ್ ಸಾಕೆಟ್‌ಗಳ ಮೂಲಕ ಸಾಕೆಟನ್ನೇ ಕಳಿಸಿ ಬಳಕೆದಾರರು ಚಕ್ರ ಕಟ್ಟಬಹುದು ಎಂಬ ಕಾರಣಕ್ಕೆ ಕರ್ನಲ್ ತನ್ನೊಳಗೆ, ಅದಕ್ಕೆಂದೇ, ಒಂದು ಗಾರ್ಬೇಜ್ ಕಲೆಕ್ಟರ್ ಇಟ್ಟುಕೊಳ್ಳಬೇಕಾಗಿದೆ. ನಿಮ್ಮ ಚಕ್ರವನ್ನು ಕಟ್ಟಿದವರು ನೀವೇ ಆದ್ದರಿಂದ ಬಿಡಿಸುವುದು ಸುಲಭ: ಬಫರ್‌ನಿಂದ ಫೈಲ್‌ನತ್ತ ಇರುವ ಪಾಯಿಂಟರ್ ರೆಫರೆನ್ಸ್ ಹೊಂದಿರಬಾರದು. ಫೈಲ್‌ನ ರಿಲೀಸ್‌ನಲ್ಲಿ ಬಫರ್‌ನ ಲಾಕ್ ಹಿಡಿದು ಆ ಪಾಯಿಂಟರನ್ನು ನಲ್ ಮಾಡಿ. ಎರಡನೆಯ ಸಲ ಕೇಳಿದಾಗ ಅದೇ ಲಾಕ್ ಹಿಡಿದು, ಫೈಲ್‌ನ ಎಣಿಕೆ ಸೊನ್ನೆಯಾಗಿಲ್ಲದಿದ್ದರೆ ಮಾತ್ರ ಹಿಡಿಯುವ ಕರೆಯನ್ನು ಬಳಸಿ. ಸಾದಾ ಗೆಟ್_ಫೈಲ್ ಸಲ್ಲದು. ಕೊನೆಯ ಎಫ್‌ಪುಟ್ ಆದ ಮೇಲೂ ರಿಲೀಸ್ ತುಸು ತಡವಾಗಿ ಓಡುವುದು ಸಾಮಾನ್ಯ, ಆ ನಡುವಿನ ಹೊತ್ತಿನಲ್ಲಿ ಪಾಯಿಂಟರ್ ಇನ್ನೂ ಅಲ್ಲೇ ಇರುತ್ತದೆ, ಫೈಲ್ ಸತ್ತಿರುತ್ತದೆ. ಹಿಡಿಯಲು ಆಗದಿದ್ದರೆ ಹೊಸ ಫೈಲ್ ಮಾಡಿಕೊಡಿ. ಹಾಗೆ ಮಾಡಿದಾಗ ಹಳೆಯದರ ರಿಲೀಸ್ ಬಂದು ಹೊಸ ಪಾಯಿಂಟರನ್ನು ಅಳಿಸದಂತೆ, ಅಲ್ಲಿರುವುದು ತಾನೇ ಎಂದು ಅದು ನೋಡಿಕೊಳ್ಳಲಿ.

ಅಂಕಿಅಂಶದ ಪಟ್ಟಿಯೂ ಹಾಗೆಯೇ, ರೆಫರೆನ್ಸ್ ಹೊಂದಿಲ್ಲದ ಪಟ್ಟಿಯಾಗಿರಲಿ. ಬಫರ್‌ನ ಬಿಡುಗಡೆಯಲ್ಲಿ ಪಟ್ಟಿಯ ಮ್ಯೂಟೆಕ್ಸ್ ಹಿಡಿದು ಕೊಂಡಿ ಕಳಚಬೇಕು. ಕೆರೆಫ್_ಪುಟ್_ಮ್ಯೂಟೆಕ್ಸ್ ಇರುವುದು ಇದಕ್ಕೇ: ಎಣಿಕೆ ಸೊನ್ನೆಗೆ ಇಳಿಯುವುದೂ ಪಟ್ಟಿಯಿಂದ ಕಳಚುವುದೂ ಒಂದೇ ಲಾಕ್‌ನ ಒಳಗೆ ಆಗುತ್ತದೆ.

ನೀವು ಕಂಡ ಎಚ್ಚರಿಕೆಯ ಬಗ್ಗೆ ಒಂದು ಮಾತು. ಅದನ್ನು ಕೊಟ್ಟದ್ದು 2017ರಲ್ಲಿ 4.11ರೊಂದಿಗೆ ಬಂದ ರೆಫ್‌ಕೌಂಟ್_ಟಿ. ಅದಕ್ಕೆ ಮೊದಲು ಎಣಿಕೆ ಬರಿಯ ಅಟಾಮಿಕ್ ಪೂರ್ಣಾಂಕವಾಗಿತ್ತು, ತುಂಬಿದರೆ ಸುತ್ತಿ ಸೊನ್ನೆಗೆ ಬರುತ್ತಿತ್ತು. 2016ರ ಜನವರಿಯಲ್ಲಿ ಪ್ರಕಟವಾದ ಸಿವಿಇ-2016-0728 ಅದರ ಪರಿಣಾಮ ತೋರಿಸಿತು. ಒಂದು ಪ್ರೊಸೆಸ್ ತನ್ನದೇ ಆದ ಸೆಷನ್ ಕೀರಿಂಗನ್ನು (ಕರ್ನಲ್ ಇಟ್ಟುಕೊಳ್ಳುವ ಕೀಲಿಗಳ ಗೊಂಚಲು) ಮತ್ತೆ ಸೇರಲು ಕೇಳಿದರೆ, ಹೆಸರಿನಿಂದ ಹುಡುಕಿದಾಗ ಏರಿದ ಎಣಿಕೆಯನ್ನು ಇಳಿಸದೆ ಫಂಕ್ಷನ್ ಬೇಗ ಹಿಂದಿರುಗುತ್ತಿತ್ತು. ಒಂದು ಪುಟ್ ಮರೆತದ್ದು, ನೋಡಲು ಸಣ್ಣ ಸೋರಿಕೆ. ಆದರೆ ಎಣಿಕೆ 32 ಬಿಟ್‌ಗಳದ್ದು. ಅದೇ ಕರೆಯನ್ನು ಸುಮಾರು 400 ಕೋಟಿ ಸಲ ಮಾಡಿದರೆ ಎಣಿಕೆ ಸುತ್ತಿ ಸೊನ್ನೆಯಾಗಿ, ಬಳಕೆಯಲ್ಲಿರುವ ಕೀರಿಂಗ್ ಬಿಡುಗಡೆಯಾಗುತ್ತಿತ್ತು, ಸಾಮಾನ್ಯ ಬಳಕೆದಾರರು ರೂಟ್ ಆಗುವ ದಾರಿ ತೆರೆಯುತ್ತಿತ್ತು. 3.8ರಿಂದಲೂ ಇದ್ದ ಆ ದೋಷಕ್ಕೆ ಪರಿಹಾರ ಒಂದೇ ಒಂದು ಕೀ_ಪುಟ್. ಈಗಿನ ರೆಫ್‌ಕೌಂಟ್_ಟಿ ತುಂಬುವ ಹಂತಕ್ಕೆ ಬಂದರೆ ಅಲ್ಲೇ ಸ್ಥಿರವಾಗಿ ನಿಂತು, ಆ ಮೆಮೊರಿಯನ್ನು ಎಂದಿಗೂ ಬಿಡುವುದಿಲ್ಲ. ಸೋರಿದ ಮೆಮೊರಿ ರೀಬೂಟ್‌ಗೆ ಮರಳುತ್ತದೆ, ಅವಧಿಗೆ ಮುನ್ನ ಬಿಟ್ಟ ಮೆಮೊರಿ ಪರರ ಕೈ ಸೇರುತ್ತದೆ ಎಂಬ ಲೆಕ್ಕದಲ್ಲಿ ಮಾಡಿದ ಆಯ್ಕೆ ಅದು, ಮತ್ತು ಸರಿಯಾದ ಆಯ್ಕೆ. ಕೆರೆಫ್‌ನ ಒಳಗಿರುವುದೂ ಅದೇ ಆದ್ದರಿಂದ ನಿಮಗೆ ಈ ರಕ್ಷಣೆ ಸಿಕ್ಕಿದೆ. ಬೇರೆಲ್ಲಾದರೂ ಅಟಾಮಿಕ್_ಟಿಯನ್ನು ಎಣಿಕೆಯಾಗಿ ಬಳಸಿದ್ದರೆ ಬದಲಾಯಿಸಿ.

ಉತ್ತರ — ತಂತಿಕಿತ್ತವ

ಪರೀಕ್ಷೆಯ ವಿಷಯ ಇನ್ನೂ ಯಾರೂ ಎತ್ತಿಲ್ಲ. ವಿಫಲವಾಗುವ ದಾರಿಗಳು ತಾವಾಗಿ ಎಂದೂ ಓಡುವುದಿಲ್ಲ, ಅವನ್ನು ಓಡಿಸಬೇಕು. ಕಾಪಿ_ಟು_ಯೂಸರ್ ವಿಫಲವಾಗುವಂತೆ ಮಾಡಲು ಕರ್ನಲನ್ನು ಮುಟ್ಟುವ ಅಗತ್ಯವೇ ಇಲ್ಲ: ಐಆಕ್ಟಲ್‌ನ ಆರ್ಗ್ಯುಮೆಂಟ್ ಇರುವ ಪುಟವನ್ನು ಎಂಪ್ರೊಟೆಕ್ಟ್ ಮೂಲಕ ಓದಲು ಮಾತ್ರ ಎಂದು ಮಾಡಿ ಕರೆಯಿರಿ. ಒಳಗೆ ಓದುವುದು ಯಶಸ್ವಿಯಾಗುತ್ತದೆ, ಬಫರ್ ಸೃಷ್ಟಿಯಾಗುತ್ತದೆ, ಹೊರಗೆ ಬರೆಯುವುದು ಮಾತ್ರ ವಿಫಲವಾಗುತ್ತದೆ. ಹತ್ತು ಸಾವಿರ ಸಲ ಹೀಗೆ ಕರೆದು ಸ್ಲ್ಯಾಬ್‌ನ ಲೆಕ್ಕ ನೋಡಿ.

ಮೆಮೊರಿ ಸಿಗದ ದಾರಿಗಳಿಗೆ, ಕೋರಿಕೆಗಳನ್ನು ಬೇಕೆಂದೇ ವಿಫಲಗೊಳಿಸುವ ಫೇಲ್‌ಸ್ಲ್ಯಾಬ್ ಇದೆ. ಅದರ ಇಗ್ನೋರ್-ಜಿಎಫ್‌ಪಿ-ವೇಟ್ ಗುರುತನ್ನು "ಎನ್" (ಇಲ್ಲ) ಎಂದು ಮಾಡದಿದ್ದರೆ ಮಲಗಬಲ್ಲ ಸಾಮಾನ್ಯ ಕೋರಿಕೆಗಳು ವಿಫಲವಾಗುವುದೇ ಇಲ್ಲ, ಇದನ್ನು ಮರೆತು ನಾನೊಮ್ಮೆ ಇಡೀ ದಿನ "ಎಲ್ಲ ಸರಿಯಿದೆ" ಎಂದು ನಂಬಿದ್ದೆ. ನಂತರ ಥ್ರೆಡ್‌ನ ಫೇಲ್-ಎನ್ತ್ ಫೈಲ್‌ಗೆ 1 ಬರೆದು ಐಆಕ್ಟಲ್ ಕರೆಯಿರಿ, ಮೊದಲ ಕೋರಿಕೆ ವಿಫಲವಾಗುತ್ತದೆ. 2 ಬರೆದರೆ ಎರಡನೆಯದು. ಕರೆಯ ನಂತರ ಆ ಫೈಲನ್ನು ಓದಿದಾಗ ಸೊನ್ನೆ ಬಂದರೆ ವೈಫಲ್ಯ ನಿಜವಾಗಿ ಆಗಿದೆ ಎಂದರ್ಥ; ಸೊನ್ನೆಗಿಂತ ದೊಡ್ಡ ಸಂಖ್ಯೆ ಬಂದಾಗ ನಿಮ್ಮ ಐಆಕ್ಟಲ್‌ನಲ್ಲಿ ಮೆಮೊರಿ ಕೇಳುವ ಜಾಗಗಳೆಲ್ಲ ಮುಗಿದಿವೆ, ಲೂಪ್ ನಿಲ್ಲಿಸಬಹುದು. ಡಿಬಗ್_ಕೆಆಬ್ಜೆಕ್ಟ್_ರಿಲೀಸ್ ಆಯ್ಕೆಯನ್ನೂ ಹಾಕಿ ಕರ್ನಲ್ ಕಟ್ಟಿ. ಅದು ಪ್ರತಿ ಕೆಆಬ್ಜೆಕ್ಟ್‌ನ ಬಿಡುಗಡೆಯನ್ನು ಬೇಕೆಂದೇ ತಡಮಾಡುತ್ತದೆ. ಪುಟ್_ಡಿವೈಸ್ ಆದ ಕ್ಷಣವೇ ಮೆಮೊರಿ ಹೋಯಿತು ಎಂದು ನಂಬಿ ಬರೆದ ಕೋಡ್ ಎಲ್ಲಿದ್ದರೂ ಆಗ ಸಿಕ್ಕಿಬೀಳುತ್ತದೆ. ನಿಮ್ಮ ಡಿಸ್ಕನೆಕ್ಟ್ ಫಂಕ್ಷನ್‌ನ ಕೊನೆಯ ಮೂರು ಸಾಲುಗಳನ್ನು ಇಲ್ಲಿ ಹಾಕಿದರೆ ನಾನೂ ಒಮ್ಮೆ ನೋಡುತ್ತೇನೆ.